ಮೋಡದ ತಳ ನೋಡು

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ. ಈ ಸಲ ಮೆಣಸು ಒಣಗಿಸುವ ಕೆಲಸ ನಿನಗೇ ಬಿಟ್ಟಿದ್ದೇನೆ ಅಂತ ನಿನ್ನಪ್ಪ ಫೋನಿನಲ್ಲಿ ಹೇಳಿದ. ಬೆಳಗ್ಗೆ ಮೊಬೈಲಿನಲ್ಲಿ ಹವಾಮಾನ ನೋಡಿ ಕಣದಲ್ಲಿ ಹರಡುತ್ತೀಯಂತೆ. ಬೇಡ ಅನ್ನಲ್ಲ. ಆದರೆ ಮಾರ್ಚ್, ಏಪ್ರಿಲ್ ಮಳೆ ಒಂದು ತೋಟಕ್ಕೆ ಹೊಯ್ದು ಪಕ್ಕದ ತೋಟ ಬಿಟ್ಟು ಹೋಗುತ್ತದೆ. ಅದನ್ನು ಮೊಬೈಲು ಎಲ್ಲಿಂದ ಹೇಳಬೇಕು?

ಒಂದು ಏಪ್ರಿಲ್‌ನಲ್ಲಿ ಕಣದ ತುಂಬಾ ಮೆಣಸು ಹರಡಿ ಮದುವೆ ಊಟಕ್ಕೆ ಹೋಗಿದ್ದೆ. ಹೊರಟಾಗ ಹನ್ನೊಂದು ಗಂಟೆ, ಸುಡು ಬಿಸಿಲು. ಗುಡ್ಡದ ತಲೆ ಮೇಲೆ ಮಾತ್ರ ಎರಡು ಬಿಳಿ ಮೋಡ. ನೋಡಿಯೂ ಸುಮ್ನೆ ಹೋದೆ. ಪಾಯಸ ಬಡಿಸುವಾಗ ಗುಡುಗಿತು. ಮನೆಗೆ ಬಂದರೆ ಎರಡು ಮೂಟೆ ಮೆಣಸು ಚರಂಡಿಯಲ್ಲಿ. ಮಳೆ ಅಳೆದರೆ 60 ಸೆಂಟು, ನೂರು ಸೆಂಟಿಗೆ ಒಂದು ಇಂಚು, ಅಂದರೆ ಅರ್ಧ ಇಂಚಿಗಿಂತ ಜಾಸ್ತಿ. ನಿನ್ನ ದೊಡ್ಡಮ್ಮ ಇವತ್ತಿಗೂ ಪಾಯಸ ಬಡಿಸುವಾಗ ಅದನ್ನೇ ಎತ್ತುತ್ತಾಳೆ.

ಆ ಎರಡು ಮೋಡದಲ್ಲೇ ಎಲ್ಲಾ ಇತ್ತು. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು, ಹಗುರಾಗಿ ಮೇಲೇಳುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ಹೊಡೆಯುತ್ತದಲ್ಲ, ಹಾಗೇ. 100 ಮೀಟರ್ ಏರಿದರೆ ಹತ್ತಿರ ಹತ್ತಿರ 1 ಡಿಗ್ರಿ ಇಳಿಯುತ್ತದೆ. ಒಂದು ಎತ್ತರ ಬಂದಾಗ ಗಾಳಿಯಲ್ಲಿದ್ದ ಆವಿ ಧೂಳಿನ ಕಣ ಹಿಡಿದು ಹನಿಯಾಗುತ್ತದೆ. ಮೋಡ ಶುರುವಾಗುವುದು ಅಲ್ಲೇ. ಅದಕ್ಕೇ ಅದರ ತಳ ದೋಸೆಕಲ್ಲಿನ ಹಾಗೆ ಚಪ್ಪಟೆ.

ಆವಿ ಹನಿಯಾಗುವಾಗ ಶಾಖ ಬಿಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಏರುತ್ತದೆ. ಹೀಗೆ ತನ್ನ ಬೆಂಕಿಯಲ್ಲಿ ತಾನೇ ಉಕ್ಕುವ ಮೋಡ ಹೂಕೋಸಿನಂತೆ ಕಾಣುತ್ತದೆ. ನೀನು ಹನ್ನೊಂದಕ್ಕೊಮ್ಮೆ, ಹನ್ನೆರಡೂವರೆಗೊಮ್ಮೆ ಅಂಗಳಕ್ಕೆ ಬಂದು ನೋಡು. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ ತಳ ಕಪ್ಪಾಗಿದ್ದರೆ ಮೆಣಸು ಗುಡ್ಡೆ ಹಾಕಿಸು. ಹೂಕೋಸಿನ ತಲೆ ಕೆದರಿ, ನಾರು ನಾರಾಗಿ ಹರಡಿದರೆ ಮೇಲೆ ನೀರು ಮಂಜುಗಡ್ಡೆಯಾಗಿದೆ ಅಂತ ಅರ್ಥ. ಆಮೇಲೆ ಊಟಕ್ಕೂ ಕೂರಬೇಡ.

ಡಿಸೆಂಬರ್‌ನಲ್ಲಿ ಕಾಫಿ ಒಣಗಿಸುವಾಗ ಗದ್ದೆ ಮೇಲೆ ಕೂರುವ ಮಂಜಿಗೆ ಮಾತ್ರ ಹೆದರಬೇಡ. ಅಲ್ಲಿ ಗಾಳಿ ಏರಿಲ್ಲ. ರಾತ್ರಿ ತಣ್ಣಗಾಗಿ ತಗ್ಗಿಗೆ ಇಳಿದು ಮಲಗಿದೆ, ಅಷ್ಟೇ. ಬಿಸಿಲು ಬಂದರೆ ಎದ್ದು ಹೋಗುತ್ತದೆ.

ಜೂನ್ ಮಳೆಯ ಕತೆಯೇ ಬೇರೆ. ಅದಕ್ಕೆ ಬಿಸಿಲು ಬೇಕಿಲ್ಲ. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಂದು ಬಡಿಯುತ್ತದೆ, ಹತ್ತದೆ ದಾರಿಯಿಲ್ಲ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1748 ಮೀಟರ್. ಅಷ್ಟು ಹತ್ತಿದ ಗಾಳಿ ನೀರು ಇಳಿಸದೆ ಇರುತ್ತದಾ? ಘಟ್ಟದ ಮೇಲಿನ ಭಾಗಮಂಡಲದಲ್ಲಿ ಕೊಡೆ ನಿಲ್ಲದ ದಿನ ಪೂರ್ವಕ್ಕಿರುವ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಘಟ್ಟ ಇಳಿಯುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ನಿನ್ನ ಮಾವನ ಮನೆಯವರು ಅಲ್ಲಿ ಕೂತು ನಮ್ಮ ಮಳೆಯ ಬಗ್ಗೆ ಬುದ್ಧಿ ಹೇಳಿದರೆ ನಕ್ಕುಬಿಡು.

ಟಾರ್ಪಾಲು ಅಟ್ಟದ ಮೇಲಿದೆ. ಒಂದು ಮೂಲೆ ಇಲಿ ಕಡಿದಿದೆ, ಈ ವಾರವೇ ಹೊಲಿಸು.

ನಿನ್ನ ದೊಡ್ಡಪ್ಪ