ಸೈಕಲ್ ಹಗುರ ಮಾಡಲು ಲಕ್ಷ ರೂಪಾಯಿ ಬೇಕಾ?

ಸಂಪಾದಕರೇ,

ಹಿಂದಿನ ಭಾನುವಾರದ ಪುರವಣಿಯಲ್ಲಿ ಬಂದ ರೋಡ್ ಬೈಕ್ (ಡಾಂಬರು ರಸ್ತೆಯ ಹಗುರ ಸೈಕಲ್) ಲೇಖನ ಓದಿದೆ. ಸೈಕಲ್ ಬಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟ ಬರುವುದೇ ಅಪರೂಪ, ಅದಕ್ಕೆ ಖುಷಿ. ಆದರೆ ಲೇಖಕರು ಕೊಟ್ಟ ಸಲಹೆ ನೋಡಿ ಸುಮ್ಮನಿರಲು ಆಗಲಿಲ್ಲ. ಘಟ್ಟ ಹತ್ತುವವರು ಮೊದಲು ಹಗುರವಾದ ಕಾರ್ಬನ್ ಫೈಬರ್ ಚಕ್ರ ಹಾಕಿಸಬೇಕಂತೆ. ಜೋಡಿಗೆ ಲಕ್ಷ ರೂಪಾಯಿ ಆದರೂ ಪರವಾಗಿಲ್ಲವಂತೆ. ಚಕ್ರದಲ್ಲಿ ಉಳಿಸಿದ 1 ಗ್ರಾಂ ಬೇರೆ ಕಡೆ ಉಳಿಸಿದ 2 ಗ್ರಾಂಗೆ ಸಮವಂತೆ.

ನಾನು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತ. 22 ವರ್ಷದಿಂದ ತೂಕ ಬರೆಯುವುದೇ ಕೆಲಸ. ರಾಶಿ ಅಡಿಕೆ ಬರಲಿ, ಗೊರಬಲು ಅಡಿಕೆ ಬರಲಿ, ಮೊದಲು ಚೀಲದ ತೂಕ ಕಳೆಯಬೇಕು, ಆಮೇಲೆ ಮಾತು. ಸೈಕಲ್ ವಿಷಯದಲ್ಲೂ ನನ್ನದು ಅದೇ ಚಟ.

ನನ್ನದು ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಬೈಕ್. ತಂದ ದಿನ ಕೊಕ್ಕೆ ತಕ್ಕಡಿಗೆ ನೇತುಹಾಕಿದಾಗ 10 ಕೆ.ಜಿ. 620 ಗ್ರಾಂ ಬಂತು. ಬಿಡಿಭಾಗಗಳನ್ನು ತೂಗಿದ್ದು ಮಗಳು ಕೇಕ್ ಮಾಡಲು ಇಟ್ಟುಕೊಂಡ ತಕ್ಕಡಿಯಲ್ಲಿ. (ಗ್ರೀಸ್ ಹತ್ತಿಸಿ ಬೈಸಿಕೊಂಡಿದ್ದೂ ಇದೆ.) ಮೊದಲು ಕಳಚಿದ್ದು ಸೈಡ್ ಸ್ಟ್ಯಾಂಡ್. ಅದೊಂದೇ 340 ಗ್ರಾಂ! ಹಿಂದಿನ ಚಕ್ರದ ಕಡ್ಡಿಗಳ ಪಕ್ಕದ ಪ್ಲಾಸ್ಟಿಕ್ ತಟ್ಟೆ 45 ಗ್ರಾಂ. ಚೈನು ಕಡ್ಡಿಗೆ ಸಿಕ್ಕದಿರಲಿ ಅಂತ ಹಾಕಿರುತ್ತಾರೆ, ಗೇರ್ ಸರಿಯಾಗಿ ಹೊಂದಿಸಿದ್ದರೆ ಅದು ಬೇಕಾಗಿಲ್ಲ. ನಾನು ಸ್ವಲ್ಪ ಗಿಡ್ಡ, ಹಾಗಾಗಿ ಸೀಟ್ ಪೋಸ್ಟ್ (ಸೀಟನ್ನು ಹೊರುವ ಕೊಳವೆ) ಫ್ರೇಮಿನೊಳಗೆ ಬೇಡದಷ್ಟು ಇಳಿದಿತ್ತು. ಹ್ಯಾಕ್ಸಾ ಹಿಡಿದು ಕೆಳಗಿನ 8 ಸೆಂ.ಮೀ. ಕೊಯ್ದೆ, 50 ಗ್ರಾಂ ಹೋಯಿತು. ಇದನ್ನು ಮಾಡುವವರು ಒಂದು ನೋಡಿಕೊಳ್ಳಿ: ಕನಿಷ್ಠ ಇಲ್ಲಿವರೆಗೆ ಒಳಗಿರಬೇಕು ಅಂತ ಪೋಸ್ಟಿನ ಮೇಲೆ ಹಾಕಿದ ಗೆರೆಯಿಂದ ಕೆಳತುದಿಗೆ ಎಷ್ಟು ಉದ್ದ ಇತ್ತೋ ಅಷ್ಟಾದರೂ ಕೊಯ್ದ ಮೇಲೂ ಫ್ರೇಮಿನೊಳಗೆ ಇರಬೇಕು. ಇಲ್ಲಿವರೆಗೆ 435 ಗ್ರಾಂ, ಖರ್ಚು ಒಂದು ಹ್ಯಾಕ್ಸಾ ಬ್ಲೇಡು.

ಆಮೇಲೆ ದುಡ್ಡು ಬಿಚ್ಚಿದೆ. ತಂತಿ ಅಂಚಿನ ಹಳೇ ಟೈರು ಒಂದೊಂದೂ 345 ಗ್ರಾಂ. ಮಡಚುವ ಟೈರು 230. ಎರಡಕ್ಕೆ 4,800 ರೂಪಾಯಿ ಕೊಟ್ಟೆ. ಇದರಲ್ಲಿ ತೂಕಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಟೈರು ಮೆತ್ತಗಿರುವುದರಿಂದ ಸಮ ರಸ್ತೆಯಲ್ಲೂ ಸಲೀಸಾಗಿ ಉರುಳುತ್ತದೆ. ಜೆಲ್ ತುಂಬಿದ ಸೀಟು 410 ಗ್ರಾಂ ಇತ್ತು, 2,100 ರೂಪಾಯಿಯ ಹೊಸದು 245. ಟ್ಯೂಬು ಮಾಮೂಲಿ ಬ್ಯೂಟೈಲ್ ರಬ್ಬರಿನದು, ಒಂದೊಂದೂ 108 ಗ್ರಾಂ. ಟಿಪಿಯು ಅಂತ ತೆಳು ಪ್ಲಾಸ್ಟಿಕ್‌ನ ಹೊಸ ಬಗೆ ಬಂದಿದೆ, ಬರೀ 38 ಗ್ರಾಂ, ಮುಷ್ಟಿಯೊಳಗೆ ಹಿಡಿಸುತ್ತದೆ. ಎರಡಕ್ಕೆ 1,700. ಒಟ್ಟು 8,600 ರೂಪಾಯಿಗೆ 535 ಗ್ರಾಂ, ಅಂದರೆ ಗ್ರಾಂಗೆ 16 ರೂಪಾಯಿ. ಲೇಖಕರು ಹೇಳಿದಂಥ 1,500 ಗ್ರಾಂನ ಚಕ್ರ ಹಾಕಿದರೆ ನನ್ನ 1,950 ಗ್ರಾಂನ ಚಕ್ರದಲ್ಲಿ ಇಳಿಯುವುದು 450 ಗ್ರಾಂ. ಗ್ರಾಂಗೆ 220 ರೂಪಾಯಿ ಮೀರುತ್ತದೆ.

ಇನ್ನು ಆ ಒಂದಕ್ಕೆ ಎರಡರ ಲೆಕ್ಕ. ಅದು ಪೂರ್ತಿ ಸುಳ್ಳಲ್ಲ. ನಿಂತ ಸೈಕಲ್ ವೇಗ ಹಿಡಿಯುವಾಗ ರಿಮ್ಮಿನ ತುದಿಯ ತೂಕವನ್ನು ಮುಂದಕ್ಕೂ ಒಯ್ಯಬೇಕು, ಸುತ್ತಲೂ ತಿರುಗಿಸಬೇಕು. ಆಗ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಸೋಮೇಶ್ವರದಿಂದ ಆಗುಂಬೆಗೆ ಒಂದೇ ಸಮನೆ 14 ತಿರುವು ಹತ್ತುವಾಗ ವೇಗ ಎಲ್ಲಿ ಏರುತ್ತದೆ? ಅಲ್ಲಿ ರಿಮ್ಮಿನ ಗ್ರಾಮೂ ಒಂದೇ, ಸೀಟಿನ ಗ್ರಾಮೂ ಒಂದೇ, ಬಾಟಲಿಯ ಗ್ರಾಮೂ ಒಂದೇ. ಬಾಟಲಿ ಅಂದೆನಲ್ಲ, 750 ಮಿ.ಲೀ. ನೀರು ಅಂದರೆ 750 ಗ್ರಾಂ. ನಾನು ಮೊದಲು ಎರಡು ತುಂಬಿಕೊಂಡು ಹತ್ತುತ್ತಿದ್ದೆ. ಈಗ ಒಂದು, ಅದೂ ಅರ್ಧ. ಆಗುಂಬೆಯಲ್ಲಿ ನೀರಿಗೇನು ಬರ ಸ್ವಾಮಿ!

ಸೈಕಲ್, ಬಟ್ಟೆ, ನಾನು ಎಲ್ಲ ಸೇರಿ 84 ಕೆ.ಜಿ. ಅದರಲ್ಲಿ 1 ಕೆ.ಜಿ. ಇಳಿದರೆ ಶೇ 1.2. ನನಗೆ ಘಟ್ಟ ಹತ್ತಲು 45 ನಿಮಿಷ ಬೇಕು, ಉಳಿಯುವುದು ಅರ್ಧ ನಿಮಿಷ. ಲಕ್ಷ ಕೊಟ್ಟವರಿಗೆ ಅದರರ್ಧವೂ ಇಲ್ಲ. ಹಗುರ ಮಾಡುವುದಕ್ಕೂ ಒಂದು ಮಿತಿ ಇದೆ: ದೊಡ್ಡ ರೇಸುಗಳಲ್ಲೇ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ಇರಬಾರದು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ) 2000ನೇ ಇಸವಿಯಿಂದ ನಿಯಮ ಇಟ್ಟಿದೆ.

ನನ್ನ ನಿಜವಾದ ತಕರಾರು ಬ್ರೇಕಿನದು. ನನ್ನಂಥ ಎಷ್ಟೋ ಜನರ ಹಳೇ ಬೈಕಲ್ಲಿ ಇರುವುದು ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್, ಡಿಸ್ಕ್ ಅಲ್ಲ. ಕಾರ್ಬನ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದು ತಡ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ರಿಮ್ ಕಾದು ಹಾಳಾಗುವುದೂ ಉಂಟು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಊರಿನ ಘಟ್ಟಕ್ಕೆ ಇದನ್ನು ಹಾಕಿಕೊಂಡು ಹೋಗಿ ಅಂತ ಬರೆಯುವಾಗ, ಮಳೆ ಬಗ್ಗೆ ಒಂದು ಸಾಲು ಬೇಡವೇ? ಅದೇ ರೀತಿ ಹೆಸರಿಲ್ಲದ ಅಗ್ಗದ ಕಾರ್ಬನ್ ಹ್ಯಾಂಡಲ್, ಅದನ್ನು ಹಿಡಿದಿಡುವ ಸ್ಟೆಮ್ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮುರಿದರೆ ಮೂಗೇ ನೆಲಕ್ಕೆ.

ನಾನೇನು ಜಾಣ ಅಂತಲ್ಲ. ಗ್ರಾಂ ಹುಚ್ಚು ಹತ್ತಿದ ಹೊಸದರಲ್ಲಿ ಪಂಪು, ಸ್ಪೇರ್ ಟ್ಯೂಬು ಎರಡನ್ನೂ ಮನೆಯಲ್ಲಿ ಬಿಟ್ಟು ಹೊರಟೆ. ತೀರ್ಥಹಳ್ಳಿ ಅಕ್ಕನ ಮನೆಯಿಂದ ವಾಪಸ್ ಬರುವಾಗ ಮಂಡಗದ್ದೆ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ರಸ್ತೆ ಬದಿಯ ಅಂಗಡಿಯವರು ಟ್ಯೂಬು ಎಳೆದು ನೋಡಿ, "ಇದೆಂಥದು ಮಾರಾಯ್ರೆ, ಪ್ಲಾಸ್ಟಿಕ್ ಕೊಟ್ಟೆ ಇದ್ದಂಗಿದ್ಯಲ್ಲ" ಅಂದರು. ಸೊಲ್ಯೂಷನ್ ಹಚ್ಚಿ ತೇಪೆ ಒತ್ತಿದರು, ಬೆರಳು ತೆಗೆದ ಕೂಡಲೇ ತೇಪೆಯೂ ಎದ್ದುಬಂತು. ಬಿಸಿ ಪ್ಯಾಚ್ ಹಾಕಿ ನೋಡುವ ಅಂತ ಒತ್ತಿದರು. ಟ್ಯೂಬು ಕೆಂಡಕ್ಕೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡಿತು. ತಪ್ಪು ಅವರದಲ್ಲ. ಟಿಪಿಯುಗೆ ಅದರದೇ ತೇಪೆ ಬೇಕು, ಶಾಖ ಆಗದು. ಕೆಲವು ಡಬ್ಬದ ಮೇಲೆ ಡಿಸ್ಕ್ ಬ್ರೇಕಿಗೆ ಮಾತ್ರ ಅಂತ ಬರೆದೇ ಇರುತ್ತಾರೆ. ರಿಮ್ ಬ್ರೇಕಿನ ಶಾಖ ಟ್ಯೂಬಿಗೆ ತಟ್ಟುತ್ತದೆ ಅಂತ. ಕೊನೆಗೆ ಬಾಳೆಗೊನೆ ತುಂಬಿದ್ದ ಗೂಡ್ಸ್ ಆಟೋದಲ್ಲಿ ಗೊನೆಗಳ ಮೇಲೆ ಸೈಕಲ್ ಮಲಗಿಸಿಕೊಂಡು ಶಿವಮೊಗ್ಗ ಸೇರಿದೆ. ಈಗ ಘಟ್ಟ ಇಳಿಯುವ ದಿನ ಹಳೇ ಬ್ಯೂಟೈಲ್ ಟ್ಯೂಬೇ. ಪಂಪು ಯಾವತ್ತೂ ಜೊತೆಗೇ.

ಇನ್ನೊಂದು ವಿಷಯ, ಇದನ್ನು ಲೇಖನದಲ್ಲಿ ಹೇಳಲೇ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆದ ಬದಲಾವಣೆ ತೂಕ ಹೆಚ್ಚಿಸಿದ್ದು! ಹಿಂದಿನ ಕ್ಯಾಸೆಟ್ಟಿನ (ಗೇರ್ ಹಲ್ಲುಚಕ್ರಗಳ ಗುಚ್ಛ) ದೊಡ್ಡ ಹಲ್ಲುಚಕ್ರ 28 ಹಲ್ಲಿನದಿತ್ತು, 32 ಹಲ್ಲಿನದು ಹಾಕಿಸಿದೆ. 48 ಗ್ರಾಂ ಜಾಸ್ತಿ. ಆದರೆ ಮುಂದೆ 34 ಹಲ್ಲು ಇರುವ ನನ್ನ ಬೈಕಲ್ಲಿ ಗಂಟೆಗೆ 9–10 ಕಿ.ಮೀ. ವೇಗದಲ್ಲೂ ಪೆಡಲ್ ನಿಮಿಷಕ್ಕೆ 70 ಸುತ್ತು ತಿರುಗುತ್ತದೆ. ಮೊದಲು ಒಂಬತ್ತನೇ ತಿರುವಿನಲ್ಲಿ ಮೊಣಕಾಲು ಹಿಡಿದುಕೊಂಡು ಕೋತಿಗಳ ಎದುರು ಕೂರುತ್ತಿದ್ದೆ. ಈಗ ಮೇಲೆ ಹೋಗಿಯೇ ಕೂರುವುದು.

ಎಲ್ಲ ಕೂಡಿ ಕಳೆದು ಈಗ ಸೈಕಲ್ 9 ಕೆ.ಜಿ. 698 ಗ್ರಾಂ. ಮುಂದೆ ಇಂಥ ಲೇಖನ ಹಾಕುವಾಗ ಪ್ರತಿ ಸಾಮಾನಿನ ಮುಂದೆ ಗ್ರಾಂ ಎಷ್ಟು, ರೂಪಾಯಿ ಎಷ್ಟು ಅಂತ ಎರಡು ಅಂಕಿ ಹಾಕಿಸಿ. ಗ್ರಾಂ ಮಾತ್ರ ಡಬ್ಬದ ಮೇಲೆ ನೋಡಿ ಬರೆಯಬೇಡಿ. ನನ್ನ ಹೊಸ ಸೀಟಿನ ಡಬ್ಬದಲ್ಲಿ 225 ಅಂತ ಇತ್ತು.

— ಮಂಡಿ ಗುಮಾಸ್ತ, ವಿನೋಬನಗರ, ಶಿವಮೊಗ್ಗ