ನೊಗ, ಇರುವೆ, ಮತ್ತೆ ಹೇಳದೆ ಬಿಟ್ಟ ಮಾತು

ಪ್ರೀತಿಯ ಗೆಳೆಯ,

ಹೋದ ಸಲ ಫೋನಿನಲ್ಲಿ ನೀನಂದದ್ದು ಇನ್ನೂ ತಲೆಯಲ್ಲೇ ಇದೆ. “ಕಟ್ಟುಕತೆ ಓದುವಷ್ಟು ಪುರುಸೊತ್ತು ನನಗಿಲ್ಲ ಮಾರಾಯ, ನಡೆದದ್ದನ್ನು ಬರೆದ ಪುಸ್ತಕ ಇದ್ದರೆ ಹೇಳು” ಅಂದಿದ್ದೆ. ಈ ತಿಂಗಳು ಒಂದು ಕಾದಂಬರಿ, ಒಂದು ಆತ್ಮಕತೆ ಬೆನ್ನುಬೆನ್ನಿಗೆ ಓದಿದೆ. ಎರಡೂ ಚಿಕ್ಕವು. ಮುಗಿಸಿದಾಗಿನಿಂದ ನಿನ್ನ ಮಾತಿಗೆ ಉತ್ತರ ಬರೆಯಬೇಕು ಅನ್ನಿಸುತ್ತಿದೆ.

ಮೊದಲು ಓದಿದ್ದು ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’. 2013ರ ಪುಸ್ತಕ, ಇಷ್ಟು ತಡ ಮಾಡಿದೆನಲ್ಲ ಅಂತ ಬೇಜಾರಾಯಿತು. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿ, ಇರುವೆ ಮುತ್ತುವ ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಬಂದ ಸಂಸಾರ. ಕತೆ ಹೇಳುವವನಿಗೆ ಹೆಸರೇ ಇಲ್ಲ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಅವನಿಗೆಂದು ಮಸೂರ್ ಬೇಳೆಯ ಅಡುಗೆ ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ಮನೆಯ ಹೆಂಗಸರು ಬಾಯಿಗೆ ಬಂದ ಹಾಗೆ ಬೈದು ಅವಳನ್ನು ಅಟ್ಟುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ. ನಮ್ಮ ಕತೆಗಾರ ಸುಮ್ಮನೆ ನೋಡುತ್ತಾನೆ.

ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಪುಸ್ತಕ ಬೋರಲು ಹಾಕಿ ಎದ್ದು ಓಡಾಡಿದೆ. ಆದರೆ ಅಲ್ಲಿಯವರೆಗೆ ಆ ಮನೆಯವರ ನಡುವೆ ನಾನೂ ಹಾಯಾಗಿಯೇ ಕೂತಿದ್ದೆ. ಇರುವೆಗಳನ್ನು ಹೊಸಕಿ ಹಾಕುವಾಗ ಅವರಿಗಾಗುವ ಖುಷಿ ಓದಿ ನಕ್ಕಿದ್ದೆ. ಕೊನೆಗೆ ಏನಾಯಿತು ಅಂತ ಅವನು ಬಿಡಿಸಿ ಹೇಳುವುದಿಲ್ಲ. ಹೇಳಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆಮೇಲೆ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕತೆ ‘ಊರುಕೇರಿ’. 2021ರಲ್ಲಿ ಅವರು ತೀರಿಕೊಂಡಾಗ ತಂದಿಟ್ಟದ್ದು, ಈಗ ಕೈಗೆತ್ತಿಕೊಂಡೆ. ಶುರುವಿನಲ್ಲೇ ಒಂದು ಹೊಲ. ಇಬ್ಬರು ಮನುಷ್ಯರು ಎತ್ತುಗಳ ಹಾಗೆ ಹೆಗಲ ಮೇಲೆ ನೊಗ ಹೊತ್ತು ಎಳೆಯುತ್ತಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ, ನೋಡುತ್ತ ನಿಂತ ಹುಡುಗನ ಅಪ್ಪ. ಇಂಥದ್ದನ್ನು ಕಂಡವರು ಎಷ್ಟು ಪುಟ ಕೂಗಾಡಿದ್ದರೂ ಕಡಿಮೆಯೇ. ಇವರು ಕಂಡದ್ದನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬರೆದು ಬೆಂಕಿ ಕಾರಿದ ಕವಿ ಇವರೇನಾ ಅನ್ನಿಸಿತು. ಇಲ್ಲಿ ಪುಟಪುಟಕ್ಕೂ ನಗಿಸುತ್ತಾರೆ, ನಕ್ಕ ಮೇಲೆ ಎದೆ ಭಾರವಾಗುತ್ತದೆ. ಪುಸ್ತಕದ ಕೊನೆಗಿರುವ ವಿಮರ್ಶಕ ಡಿ.ಆರ್. ನಾಗರಾಜರ ಲೇಖನದ ಹೆಸರೇ ‘ಬಡವರ ನಗುವಿನ ಶಕ್ತಿ’. ನೀನು ಅದನ್ನು ಮೊದಲೇ ಓದಬೇಡ, ಪುಸ್ತಕ ಮುಗಿಸಿ ಓದು. ಒಂದೇ ಕೊರತೆ ಅಂದರೆ, ಕೆಲವು ಪ್ರಸಂಗಗಳಲ್ಲಿ ಇನ್ನೂ ಒಂದೆರಡು ಪುಟ ನಿಲ್ಲಬೇಕಿತ್ತು.

ನಡುವೆ ಇತಿಹಾಸದ ಒಂದು ದಪ್ಪ ಪುಸ್ತಕ ಹಿಡಿದು ಅರ್ಧಕ್ಕೇ ಬಿಟ್ಟೆ. ಎಲ್ಲ ನಡೆದದ್ದೇ. ಆದರೆ ನಾನೇನು ಯೋಚಿಸಬೇಕು ಅನ್ನುವುದನ್ನೂ ಪ್ರತಿ ಅಧ್ಯಾಯದ ಕೊನೆಗೆ ಲೇಖಕರೇ ಹೇಳಿಬಿಡುತ್ತಿದ್ದರು. ಕಟ್ಟಿದ್ದೋ ನಡೆದದ್ದೋ ಅನ್ನುವ ಲೆಕ್ಕ ನನಗೆ ಬಿಟ್ಟುಹೋದದ್ದು ಅಲ್ಲೇ. ಆ ಎರಡು ಪುಸ್ತಕಗಳು ಹೇಳದೆ ಉಳಿಸಿದ್ದನ್ನೇ ನಾನು ಇಷ್ಟು ದಿನ ಹೊತ್ತು ತಿರುಗುತ್ತಿದ್ದೇನೆ.

ನಿನಗೆ ನಡೆದದ್ದೇ ಬೇಕಲ್ಲ, ‘ಊರುಕೇರಿ’ಯಿಂದ ಶುರುಮಾಡು. ಆಮೇಲೆ ನನ್ನ ಮಾತಿಗೆ ಬೆಲೆ ಕೊಟ್ಟು ಕಾದಂಬರಿ ಓದು. ಆ ಡಬ್ಬಿಯ ಪ್ರಸಂಗ ಮುಗಿದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ಆ ಬಾಗಿಲಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಬೇಕು. ನನ್ನ ಉತ್ತರ ನನಗಿನ್ನೂ ಸಿಕ್ಕಿಲ್ಲ.

ನಿನ್ನ ಗೆಳೆಯ