ಮ್ಯೂಸಿಯಂನಲ್ಲಿ ಒಂದೇ ಕಲ್ಲು ತೋರಿಸಿದರೂ ಸಾಕು

ಮಾನ್ಯ ಸಂಪಾದಕರೆ,

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಹೊರಡುತ್ತವೆ. ನಾನು ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಇಂಥ ಬಸ್ಸುಗಳಲ್ಲಿ ಮಕ್ಕಳ ತಲೆ ಎಣಿಸಿ ಎಣಿಸಿ ಸಾಕಾದವಳು. ಬೆಂಗಳೂರು ಅಂದರೆ ಪಟ್ಟಿ ಪ್ರತಿ ವರ್ಷ ಅದೇ. ವಿಧಾನಸೌಧದ ಮುಂದೆ ಫೋಟೊ, ಲಾಲ್‌ಬಾಗ್, ವಿಶ್ವೇಶ್ವರಯ್ಯ ಮ್ಯೂಸಿಯಂ, ಅದೇ ಕಸ್ತೂರ್‌ಬಾ ರಸ್ತೆಯಲ್ಲಿರುವ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂ, ಸಂಜೆಗೆ ವಾಟರ್ ಪಾರ್ಕ್. 1865ರಲ್ಲಿ ಶುರುವಾದ ಆ ಮ್ಯೂಸಿಯಂಗೆ ನಾವು ಕೊಡುತ್ತಿದ್ದದ್ದು ಇಪ್ಪತ್ತು ನಿಮಿಷ. ಮುಟ್ಟಬೇಡಿ, ಸಾಲಾಗಿ ಬನ್ನಿ, ಬೇಗ ಬೇಗ ಅನ್ನುವಷ್ಟರಲ್ಲಿ ಆಚೆ ಬಂದಿರುತ್ತಿದ್ದೆವು. ತಪ್ಪು ನಮ್ಮದೇ, ಬೇರೆ ಯಾರದ್ದೂ ಅಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಬಸ್ಸು ಅಲ್ಲೇ ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವವರೆಗೆ ಎಲ್ಲಿಗೂ ಹೋಗುವಂತಿಲ್ಲ, ಮತ್ತೆ ಒಳಗೆ ಹೋದೆವು. ಆಗ ಒಬ್ಬ ಹುಡುಗ ಒಂದು ಕಲ್ಲಿನ ಮುಂದೆ ನಿಂತು "ಮಿಸ್, ಇಲ್ಲಿ ನಾಯಿ ಹಂದಿ ಜೊತೆ ಜಗಳ ಆಡ್ತಾ ಇದೆ" ಅಂದ. ಅದು ಆತಕೂರಿನ ಶಾಸನ. ಆತಕೂರು ನಮ್ಮ ಜಿಲ್ಲೆಯದೇ ಊರು! ಅಷ್ಟು ವರ್ಷ ಅದರ ಮುಂದೆಯೇ ಮಕ್ಕಳನ್ನು ಓಡಿಸಿಕೊಂಡು ಹೋಗಿದ್ದೆ ಅಂತ ಈಗಲೂ ನಾಚಿಕೆಯಾಗುತ್ತದೆ.

ಅಲ್ಲೇ ನೆಲದ ಮೇಲೆ ಕೂರಿಸಿ ಕಥೆ ಹೇಳಿದೆ. ಸುಮಾರು 949ನೇ ಇಸವಿ. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧ. ಕೃಷ್ಣನ ಕಡೆ ನಿಂತು ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಅವನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ್ದಕ್ಕೆ, ಏನು ಬೇಕೋ ಕೇಳು ಅಂತ ಬೂತುಗ ಹೇಳಿದ. ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ನಾಯಿ ಹಂದಿ ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಭೂಮಿಯನ್ನೂ ಬಿಟ್ಟರು.

ಮಕ್ಕಳ ಪ್ರಶ್ನೆಗಳು ನಿಲ್ಲಲೇ ಇಲ್ಲ. ದುಡ್ಡು, ಊರು ಕೇಳೋದು ಬಿಟ್ಟು ನಾಯಿ ಯಾಕೆ ಕೇಳಿದ? ನಾಯಿಗೂ ಪೂಜೆ ಮಾಡ್ತಿದ್ರಾ? ಒಬ್ಬಳು, "ನಮ್ಮ ಕಬ್ಬಿನ ಗದ್ದೆಗೆ ಈಗಲೂ ಹಂದಿ ನುಗ್ಗುತ್ತೆ ಮಿಸ್, ಹಂದಿ ಹೊಡೆಯೋ ನಾಯಿ ಅಂದ್ರೆ ಸುಮ್ನೆ ಅಲ್ಲ" ಅಂದಳು. ಇದು ನನಗೆ ಹೊಳೆದೇ ಇರಲಿಲ್ಲ. ತಕ್ಕೋಲ ಕದನ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ, ಯಾರಿಗೂ ನೆನಪಿರುತ್ತಿರಲಿಲ್ಲ. ಆ ಬ್ಯಾಚಿನ ಮಕ್ಕಳಿಗೆ ಮಾತ್ರ ಕಾಳಿಯ ಹೆಸರು ಹೇಳಿದರೆ ಸಾಕು, ಕೃಷ್ಣ, ಬೂತುಗ, ರಾಜಾದಿತ್ಯ ಎಲ್ಲರೂ ಹಿಂದೆಯೇ ಬರುತ್ತಿದ್ದರು.

ಆಮೇಲೆ ಕ್ಲಾಸಿಗೇ ವಸ್ತುಗಳನ್ನು ತರಲು ಹೇಳತೊಡಗಿದೆ. ಒಬ್ಬ ತಂದ ಹಳೇ ಸೇರಿನ ತಳ ಒಳಕ್ಕೆ ನೆಗ್ಗಿತ್ತು. ಒಂದು ಸೇರಿಗೆ ನಾಲ್ಕು ಪಾವು ಹಿಡಿಯಬೇಕು, ಪಾವಿನಲ್ಲಿ ಅಕ್ಕಿ ಅಳೆದು ಸುರಿದರೆ ಅಷ್ಟು ಹಿಡಿಯಲೇ ಇಲ್ಲ. ಈ ಸೇರಲ್ಲಿ ಅಳೆದು ಕೊಟ್ಟವರಿಗೆ ಲಾಭ, ಕೊಂಡವರಿಗೆ ನಷ್ಟ ಅಂತ ಮಕ್ಕಳೇ ಕಂಡುಹಿಡಿದರು. ಇನ್ನೊಬ್ಬಳು ಅಜ್ಜಿಯ ಡಬ್ಬಿಯಿಂದ ಒಂದಾಣೆ ತಂದಳು. ರೂಪಾಯಿಗೆ ಹದಿನಾರಾಣೆ ಇದ್ದದ್ದು 1957ರಲ್ಲಿ ನೂರು ಪೈಸೆಯಾಯಿತು ಅಂದಾಗ, 25 ಪೈಸೆಯನ್ನು ಅಜ್ಜಿ ನಾಲ್ಕಾಣೆ ಅನ್ನುವುದು ಯಾಕೆ ಅಂತ ಲೆಕ್ಕ ಹಾಕಿ ಹೇಳಿದಳು. ಮೇಷ್ಟ್ರು ಹೇಳಿದ್ದಕ್ಕಿಂತ ಕೈಯಲ್ಲಿ ಹಿಡಿದದ್ದು ಜಾಸ್ತಿ ಉಳಿಯುತ್ತದೆ, ಅಲ್ವಾ?

ಶಾಲೆಗಳವರಿಗೆ ನನ್ನ ಮನವಿ ಇಷ್ಟೇ: ಮ್ಯೂಸಿಯಂಗೆ ಹೋದರೆ ಎಲ್ಲವನ್ನೂ ತೋರಿಸಲು ಹೋಗಬೇಡಿ. ಒಂದು ವಸ್ತು ಆರಿಸಿ, ಮೊದಲೇ ಓದಿಕೊಂಡು ಹೋಗಿ, ಅದರ ಮುಂದೆ ಅರ್ಧ ಗಂಟೆ ಕೂರಿಸಿ. ಬಸ್ಸಿಗೆ ದುಡ್ಡಿಲ್ಲದಿದ್ದರೆ ಊರಾಚೆ ವೀರಗಲ್ಲು ಇದೆಯಾ ನೋಡಿ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಇವೆ, ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವುದೂ ಉಂಟು. ಮ್ಯೂಸಿಯಂ ನಡೆಸುವವರು ಮಕ್ಕಳ ಕಣ್ಣಿನ ಎತ್ತರಕ್ಕೆ, ಸುಲಭ ಕನ್ನಡದಲ್ಲಿ ಫಲಕ ಹಾಕಿಸಿದರೆ ನಮ್ಮಂಥವರ ಕೆಲಸ ಅರ್ಧ ಹಗುರ.

ಈ ವರ್ಷ ನಮ್ಮ ಪಟ್ಟಿಯಿಂದ ಎರಡು ಜಾಗ ಕೈಬಿಟ್ಟಿದ್ದೇವೆ. ವಾಟರ್ ಪಾರ್ಕ್ ಬಿಡಲು ಮಾತ್ರ ಮಕ್ಕಳು ಒಪ್ಪಲಿಲ್ಲ.

ಇಂತಿ,
ಒಬ್ಬ ಶಿಕ್ಷಕಿ, ಮಂಡ್ಯ ಜಿಲ್ಲೆ